ಇಲಿಯ ಮೂರು ಕೋಣೆಯ ಮನೆ

ಇಲಿಗೆ ಆಟಿಸಂ ಬರುವುದಿಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ ಮಕ್ಕಳೇ. ಯಾಕೆಂದರೆ ಈ ವಾರ ನಾನು ಬರೆಯಲು ಹೊರಟಿರುವುದು ಇಲಿ ಮತ್ತು ಆಟಿಸಂ ಎರಡರ ಬಗ್ಗೆಯೂ. ಅರ್ಧ ಓದಿ ಪುಟ ತಿರುಗಿಸುವವರಿಗೆ ತಪ್ಪು ಅಭಿಪ್ರಾಯ ಉಳಿಯಬಾರದು.

ಏಳನೇ ತರಗತಿಯ ಹುಡುಗಿಯೊಬ್ಬಳು ಪತ್ರ ಬರೆದಿದ್ದಾಳೆ. ಅವಳ ತಮ್ಮನಿಗೆ ಆಟಿಸಂ ಇದೆಯಂತೆ. "ತಾತ, ಜೀನ್ ಬದಲಾಯಿಸಿ ಆಟಿಸಂ ಥರದ ಇಲಿಗಳನ್ನು ಮಾಡಿದ್ದಾರೆ, ಆಮೇಲೆ ವಾಸಿ ಕೂಡ ಮಾಡಿದ್ದಾರೆ ಅಂತ ಪೇಪರಿನಲ್ಲಿ ಬಂದಿತ್ತು. ಹಾಗಾದರೆ ನನ್ನ ತಮ್ಮನಿಗೂ ಆಗುತ್ತದಾ?" ಎಂದು ಕೇಳಿದ್ದಾಳೆ. ಪತ್ರದಲ್ಲಿ 'ಥರದ' ಎಂಬ ಪದದ ಕೆಳಗೆ ಅವಳೇ ಒಂದು ಗೆರೆ ಎಳೆದಿದ್ದಾಳೆ. ಜಾಣೆ. ಇಡೀ ವಿಷಯ ನಿಂತಿರುವುದೇ ಆ ಒಂದು ಪದದ ಮೇಲೆ.

ನಾನು ಬಿ.ಕಾಂ. ಓದಿದವನು. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ ಗುಮಾಸ್ತನಾಗಿಯೇ ನಿವೃತ್ತನಾದವನು. ಜೀವಶಾಸ್ತ್ರವನ್ನು ಹೈಸ್ಕೂಲಿನಲ್ಲೇ ಬಿಟ್ಟೆ. ಆದರೆ ನಿವೃತ್ತಿಯ ನಂತರ ಓದಲು ಸಮಯ ಸಿಕ್ಕಿತು. ಓದುತ್ತಾ ಹೋದರೆ ಈ ಜೀನ್ ಸಮಾಚಾರ ನಮ್ಮ ಲೆಡ್ಜರ್ ಸಮಾಚಾರದಂತೆಯೇ ಕಂಡಿತು.

ಮೊದಲು ಆಟಿಸಂ ಎಂದರೇನು ನೋಡೋಣ. ಕನ್ನಡದಲ್ಲಿ ಇದಕ್ಕೆ ಸ್ವಲೀನತೆ ಎನ್ನುತ್ತಾರೆ. ಇದು ನೆಗಡಿ, ಜ್ವರದಂತೆ ಬಂದು ಹೋಗುವ ಕಾಯಿಲೆ ಅಲ್ಲ, ಅಂಟುವುದೂ ಇಲ್ಲ. ಮಿದುಳು ಬೆಳೆಯುವ ರೀತಿಯೇ ಸ್ವಲ್ಪ ಬೇರೆ. ಇಂಥ ಮಕ್ಕಳಿಗೆ ಬೇರೆಯವರ ಜೊತೆ ಬೆರೆಯುವುದು, ಮಾತಿನ ಹಿಂದಿರುವ ಭಾವ ಹಿಡಿಯುವುದು ಕಷ್ಟವಾಗಬಹುದು. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವುದು, ದಿನಚರಿ ಒಂದಿಷ್ಟೂ ಬದಲಾಗಬಾರದು ಎನ್ನುವುದು ಇರಬಹುದು. ಕುಕ್ಕರ್ ಸೀಟಿ, ಪಟಾಕಿ, ಮದುವೆ ಮನೆಯ ವಾಲಗ ಸಹಿಸಲಾಗದೆ ಕಿವಿ ಮುಚ್ಚಿಕೊಳ್ಳಬಹುದು. ಕೆಲವರು ಮಾತೇ ಆಡುವುದಿಲ್ಲ. ಕೆಲವರು ಮಾತಾಡಿ, ಓದಿ, ಕೆಲಸಕ್ಕೂ ಹೋಗುತ್ತಾರೆ. ಒಬ್ಬರಂತೆ ಇನ್ನೊಬ್ಬರು ಇಲ್ಲ.

1943ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಲಿಯೊ ಕ್ಯಾನರ್ ಎಂಬ ಮಕ್ಕಳ ಮನೋವೈದ್ಯರು 11 ಮಕ್ಕಳ ಬಗ್ಗೆ ಒಂದು ದೀರ್ಘ ಲೇಖನ ಬರೆದರು. ಆಟಿಸಂ ಎಂಬ ಹೆಸರು ಮಕ್ಕಳ ವೈದ್ಯಶಾಸ್ತ್ರದಲ್ಲಿ ಗಟ್ಟಿಯಾಗಿ ನಿಂತದ್ದು ಅಲ್ಲಿಂದ. ಆದರೆ ಅದರ ಬೆನ್ನಿಗೇ ಒಂದು ಅನ್ಯಾಯವೂ ನಡೆಯಿತು. ತಾಯಿ ಮಗುವಿಗೆ ಬೆಚ್ಚಗಿನ ಪ್ರೀತಿ ಕೊಡದ್ದರಿಂದಲೇ ಮಗು ಹೀಗಾಗಿದೆ ಎಂದು ಆ ಕಾಲದ ದೊಡ್ಡ ದೊಡ್ಡ ವೈದ್ಯರೇ ಹೇಳಿದರು. 'ರೆಫ್ರಿಜರೇಟರ್ ತಾಯಂದಿರು' ಎಂದು ಅಡ್ಡಹೆಸರಿಟ್ಟರು. ಮಗುವಿನ ಚಿಂತೆಯ ಮೇಲೆ ಈ ಅಪವಾದವನ್ನೂ ಹೊತ್ತು ಎಷ್ಟೋ ತಾಯಂದಿರು ಕಣ್ಣೀರು ಹಾಕಿದರು.

1977ರಲ್ಲಿ ಸೂಸನ್ ಫೋಲ್‌ಸ್ಟೀನ್ ಮತ್ತು ಮೈಕೇಲ್ ರಟರ್ ಎಂಬಿಬ್ಬರು ಅವಳಿ ಮಕ್ಕಳ ಲೆಕ್ಕ ತೆಗೆದರು. ಒಟ್ಟು 21 ಜೋಡಿ. ಪ್ರತಿ ಜೋಡಿಯಲ್ಲೂ ಒಬ್ಬರಿಗಾದರೂ ಆಟಿಸಂ ಇತ್ತು. 11 ಜೋಡಿ ತದ್ರೂಪಿ ಅವಳಿಗಳು, ಅಂದರೆ ಇಬ್ಬರ ಜೀನ್‌ಗಳೂ ಒಂದೇ. ಅವುಗಳಲ್ಲಿ 4 ಜೋಡಿಗಳಲ್ಲಿ ಇಬ್ಬರಿಗೂ ಆಟಿಸಂ ಇತ್ತು. ಉಳಿದ 10 ಜೋಡಿ ಸಾಮಾನ್ಯ ಅವಳಿಗಳು, ಒಟ್ಟಿಗೆ ಹುಟ್ಟಿದರೂ ಅಣ್ಣತಮ್ಮಂದಿರಷ್ಟೇ ಹೋಲಿಕೆ ಇರುವವರು. ಅವರಲ್ಲಿ ಇಬ್ಬರಿಗೂ ಆಟಿಸಂ ಇದ್ದ ಜೋಡಿ ಒಂದೂ ಇರಲಿಲ್ಲ. ಎರಡೂ ಗುಂಪಿನಲ್ಲಿ ಆ ಇಬ್ಬರು ಮಕ್ಕಳಿಗೆ ಅಮ್ಮ ಒಬ್ಬಳೇ, ಮನೆ ಒಂದೇ. ಕಾರಣ ಅಮ್ಮನ ಪ್ರೀತಿಯ ಕೊರತೆಯಾಗಿದ್ದರೆ ಲೆಕ್ಕ ಹೀಗೆ ಬರುತ್ತಿರಲಿಲ್ಲ. ಗುಂಪು ಚಿಕ್ಕದೇ, ಆದರೂ ವಿಜ್ಞಾನಿಗಳ ಕಣ್ಣು ಜೀನ್‌ಗಳ ಕಡೆ ತಿರುಗಲು ಇಷ್ಟು ಸಾಕಾಯಿತು. ಇನ್ನೊಂದನ್ನೂ ಗಮನಿಸಿ. ತದ್ರೂಪಿಗಳಲ್ಲಿ 11ಕ್ಕೆ 11 ಬರಲಿಲ್ಲ, 4 ಮಾತ್ರ ಬಂತು. ಅಂದರೆ ಜೀನ್ ದೊಡ್ಡ ಕಾರಣ, ಆದರೆ ಅದೊಂದೇ ಅಲ್ಲ.

ಈಗ ಜೀನ್ ವಿಚಾರ. ನಮ್ಮ ಪ್ರತಿ ಜೀವಕೋಶದಲ್ಲೂ ಡಿಎನ್‌ಎ ಎಂಬ ಉದ್ದನೆಯ ಬರಹ ಇದೆ. ಅದರಲ್ಲಿ ಇರುವುದು ನಾಲ್ಕೇ ಅಕ್ಷರ: ಎ, ಟಿ, ಜಿ, ಸಿ. ಒಂದು ಪೂರ್ತಿ ಪ್ರತಿಯಲ್ಲಿ ಸುಮಾರು 300 ಕೋಟಿ ಅಕ್ಷರಗಳು. ಆ ಬರಹದಲ್ಲಿ ಒಂದೊಂದು ಪ್ರೋಟೀನ್ ತಯಾರಿಸುವ ವಿಧಾನ ಹೇಳುವ ಭಾಗವೇ ಜೀನ್. ಮನುಷ್ಯರಲ್ಲಿ ಇಂಥವು ಸುಮಾರು 20,000 ಇವೆ. ಬರಹದಲ್ಲಿ ಅಕ್ಷರ ಬದಲಾದರೆ, ಬಿಟ್ಟುಹೋದರೆ, ಎರಡು ಸಲ ಬಂದರೆ ಅದಕ್ಕೆ ಮ್ಯುಟೇಷನ್ ಎನ್ನುತ್ತಾರೆ. ನಿಮ್ಮ ಪಾಠದ ಪುಸ್ತಕದಲ್ಲಿ ಉತ್ಪರಿವರ್ತನೆ ಎಂದಿರಬಹುದು.

ಒಂದು ಅಕ್ಷರದಿಂದ ಏನಾದೀತು ಅನ್ನುತ್ತೀರಾ? "ಅಜ್ಜಿ ಅಕ್ಕಿ ತೊಳೆದರು" ಎಂಬ ವಾಕ್ಯ ತೆಗೆದುಕೊಳ್ಳಿ. 'ಅ' ಬದಲು 'ಹ' ಬಿದ್ದರೆ "ಅಜ್ಜಿ ಹಕ್ಕಿ ತೊಳೆದರು" ಎಂದಾಗುತ್ತದೆ. ಹಕ್ಕಿಯ ಗತಿ ಏನು! 'ಅಕ್ಕಿ' ಪೂರ್ತಿ ಬಿಟ್ಟುಹೋದರೆ "ಅಜ್ಜಿ ತೊಳೆದರು" ಎಂದು ಉಳಿಯುತ್ತದೆ. ಏನನ್ನು ತೊಳೆದರು, ತಿಳಿಯದು. ಅದೇ 'ತೊಳೆದರು' ಹೋಗಿ 'ತೊಳದರು' ಆದರೆ? ಓದುವಾಗ ಕಣ್ಣಿಗೆ ಕೊಂಚ ತಡೆಯುತ್ತದೆ, ಅರ್ಥ ಕೆಡುವುದಿಲ್ಲ. ಮ್ಯುಟೇಷನ್‌ಗಳೂ ಹಾಗೆಯೇ. ಬಹಳಷ್ಟು ನಿರುಪದ್ರವಿ. ಕೆಲವು ಅರ್ಥವನ್ನೇ ಬದಲಿಸುತ್ತವೆ.

ನಾವು ಕೈಯಲ್ಲಿ ಲೆಡ್ಜರ್ ಬರೆಯುತ್ತಿದ್ದ ಕಾಲದಲ್ಲಿ ತಿಂಗಳ ಕೊನೆಯಲ್ಲಿ ಬ್ಯಾಲೆನ್ಸಿಂಗ್ ಎಂಬ ಕೆಲಸ ಇರುತ್ತಿತ್ತು. ಎಲ್ಲ ಖಾತೆಗಳ ಮೊತ್ತವೂ ಒಟ್ಟು ಲೆಕ್ಕವೂ ಟ್ಯಾಲಿ ಆಗಬೇಕು. ಆಗದಿದ್ದರೆ ಮೊದಲು ನೋಡುತ್ತಿದ್ದದ್ದು ವ್ಯತ್ಯಾಸವನ್ನು 9ರಿಂದ ಭಾಗಿಸಬಹುದೇ ಎಂದು. ಭಾಗವಾದರೆ ಯಾರೋ ಅಂಕಿಯನ್ನು ಅದಲುಬದಲು ಬರೆದಿರಬಹುದು. 63ರ ಬದಲು 36 ಬರೆದರೆ ವ್ಯತ್ಯಾಸ 27, ಅದು 9ರ ಮಗ್ಗಿಯಲ್ಲಿದೆ. ಹೀಗೆ ಮೊತ್ತದಲ್ಲಿ ಕಂಡ ವ್ಯತ್ಯಾಸದಿಂದ ಎಂಥ ತಪ್ಪು ಆಗಿದೆ ಎಂದು ಊಹಿಸುತ್ತಿದ್ದೆವು.

ಮಿದುಳಿನ ವಿಷಯದಲ್ಲಿ ವಿಜ್ಞಾನಿಗಳ ಕೆಲಸ ಇದಕ್ಕಿಂತ ಕಠಿಣ. ಮಗುವಿನ ನಡವಳಿಕೆಯಲ್ಲಿ ವ್ಯತ್ಯಾಸ ಕಾಣುತ್ತದೆ. ಜೀನ್ ಪರೀಕ್ಷೆ ಮಾಡಿದರೆ ಒಂದು ಅಕ್ಷರ ಬದಲಾಗಿರುವುದೂ ಕಾಣಬಹುದು. ಆದರೆ ಆ ಅಕ್ಷರದಿಂದಲೇ ಈ ವ್ಯತ್ಯಾಸ ಬಂತೇ? ಮಗುವಿನ ಮಿದುಳನ್ನು ಬಿಚ್ಚಿ ನೋಡಲಾಗುವುದಿಲ್ಲ, ನೋಡಲೂಬಾರದು. ಹಾಗಾದರೆ ದಾರಿ ಏನು? ಬೇರೊಂದು ಕಚ್ಚಾ ಲೆಡ್ಜರ್ ತೆಗೆದುಕೊಂಡು ಅದೇ ತಪ್ಪನ್ನು ಬೇಕೆಂದೇ ಬರೆದು, ಮೊತ್ತ ಎಲ್ಲಿ ಕೆಡುತ್ತದೆ ಎಂದು ನೋಡುವುದು. ಆ ಕಚ್ಚಾ ಲೆಡ್ಜರೇ ಇಲಿ.

ಇಲಿ ಎಂದರೆ ಹೆಗ್ಗಣವಲ್ಲ. ಅಕ್ಕಿ ಡಬ್ಬದ ಹಿಂದೆ ಸರಕ್ಕನೆ ಓಡುತ್ತದಲ್ಲ, ಆ ಪುಟ್ಟ ಇಲಿಯ ಜಾತಿ. ನೋಡಲು ನಮಗೂ ಅದಕ್ಕೂ ಯಾವ ಸಂಬಂಧವೂ ಇಲ್ಲದಂತಿದ್ದರೂ ನಮ್ಮ ಬಹುಪಾಲು ಜೀನ್‌ಗಳಿಗೆ ಇಲಿಯಲ್ಲಿ ಜೊತೆಗಾರ ಜೀನ್ ಇದೆ. ಬಸುರಿ ಇಲಿ ಮೂರು ವಾರದಲ್ಲಿ ಮರಿ ಹಾಕುತ್ತದೆ. ಮರಿ ಎರಡು ತಿಂಗಳಲ್ಲಿ ದೊಡ್ಡದಾಗುತ್ತದೆ. ಇಲಿಯ ಒಂದು ನಿರ್ದಿಷ್ಟ ಜೀನ್ ಅನ್ನು ಮಾತ್ರ ಕೆಡಿಸುವ ಅಥವಾ ಬದಲಿಸುವ ವಿಧಾನವನ್ನು 1980ರ ದಶಕದಲ್ಲಿ ರೂಪಿಸಿದರು. ಅದಕ್ಕಾಗಿ ಮಾರಿಯೊ ಕಾಪೆಕ್ಕಿ, ಮಾರ್ಟಿನ್ ಇವಾನ್ಸ್, ಆಲಿವರ್ ಸ್ಮಿತೀಸ್ ಎಂಬ ಮೂವರಿಗೆ 2007ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

"ಪಾಪ ಇಲಿ" ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಿರುತ್ತದೆ. ಅನಿಸಬೇಕಾದದ್ದೇ. ಇಂಥ ಪ್ರಯೋಗ ಮಾಡಲು ನಮ್ಮ ದೇಶದಲ್ಲೂ ನೈತಿಕ ಸಮಿತಿಯ ಅನುಮತಿ ಬೇಕು. ಎಷ್ಟು ಇಲಿ, ಯಾಕೆ, ನೋವಾಗದಂತೆ ಏನು ವ್ಯವಸ್ಥೆ, ಎಲ್ಲ ಬರೆದುಕೊಡಬೇಕು. ಒಂದು ಜೀವವನ್ನು ಬಳಸಿಕೊಂಡಾಗ ಅದರಿಂದ ಕಲಿತದ್ದನ್ನು ಸರಿಯಾಗಿ ಕಲಿಯುವುದು ನಮ್ಮ ಋಣ ಎಂದು ನಾನು ತಿಳಿದಿದ್ದೇನೆ.

ಈಗ ಒಂದು ನಿಜವಾದ ಪ್ರಕರಣ ನೋಡೋಣ. ಸ್ವೀಡನ್ ದೇಶದಲ್ಲಿ ಇಬ್ಬರು ಸಹೋದರರು. ಒಬ್ಬನಿಗೆ ಆಟಿಸಂ. ಇನ್ನೊಬ್ಬನಿಗೆ ಆಗ ಆಸ್ಪರ್ಜರ್ ಎಂದು ಕರೆಯುತ್ತಿದ್ದ, ಅದರದೇ ಬಳಗದ ಇನ್ನೊಂದು ರೂಪ. 2003ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಥಾಮಸ್ ಬೂರ್ಜರಾನ್ ತಂಡದವರು ಈ ಇಬ್ಬರಲ್ಲೂ ನ್ಯೂರೋಲಿಜಿನ್-3 ಎಂಬ ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿರುವುದನ್ನು ಕಂಡರು.

ನ್ಯೂರೋಲಿಜಿನ್ ಏನು ಮಾಡುತ್ತದೆ? ಮಿದುಳಿನ ನರಕೋಶಗಳು ಒಂದಕ್ಕೊಂದು ಸಂದೇಶ ಕೊಡುವ ಜಾಗಕ್ಕೆ ಸಿನಾಪ್ಸ್ ಎನ್ನುತ್ತಾರೆ. ಅಲ್ಲಿ ಎರಡು ಕೋಶಗಳ ನಡುವೆ ಕೂದಲೆಳೆಗಿಂತಲೂ ಎಷ್ಟೋ ಪಾಲು ಸಣ್ಣ ಸಂದು ಇರುತ್ತದೆ. ಈಚೆ ಕೋಶದಿಂದ ನ್ಯೂರೋಲಿಜಿನ್ ಕೈ ಚಾಚಿದರೆ ಆಚೆ ಕೋಶದಿಂದ ನ್ಯೂರೆಕ್ಸಿನ್ ಎಂಬ ಇನ್ನೊಂದು ಪ್ರೋಟೀನ್ ಕೈ ಚಾಚುತ್ತದೆ. ಎರಡೂ ಕೈ ಹಿಡಿದುಕೊಂಡರೆ ಸಿನಾಪ್ಸ್ ಹದವಾಗಿ ಕೆಲಸ ಮಾಡುತ್ತದೆ. ನ್ಯೂರೋಲಿಜಿನ್-3 ಎಂಬುದು 800ಕ್ಕೂ ಹೆಚ್ಚು ಮಣಿಗಳ ಸರ ಎಂದುಕೊಳ್ಳಿ. ಆ ಸಹೋದರರಲ್ಲಿ 451ನೇ ಮಣಿ ಮಾತ್ರ ಬದಲಾಗಿತ್ತು. ಅರ್ಜಿನಿನ್ ಇರಬೇಕಾದ ಕಡೆ ಸಿಸ್ಟೀನ್ ಬಂದಿತ್ತು. ಅಷ್ಟರಿಂದಲೇ ಸರ ಸರಿಯಾಗಿ ಮಡಚಿಕೊಳ್ಳದೆ, ಬಹುಪಾಲು ನ್ಯೂರೋಲಿಜಿನ್ ಕೋಶದ ಒಳಗೇ ಸಿಕ್ಕಿಕೊಳ್ಳುತ್ತದೆ. ಹೊರಗೆ ಕೈ ಚಾಚಲು ಬರುವುದು ಸ್ವಲ್ಪವೇ.

2007ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಥಾಮಸ್ ಸೂಡಾಫ್ ಅವರ ತಂಡ ಇದೇ 451ನೇ ಮಣಿಯನ್ನು ಇಲಿಯಲ್ಲಿ ಬದಲಿಸಿತು. ಈ ಸೂಡಾಫ್ ಮುಂದೆ 2013ರಲ್ಲಿ ಬೇರೊಂದು ಸಂಶೋಧನೆಗೆ ನೊಬೆಲ್ ಪಡೆದವರು.

ಸರಿ, ಇಲಿ ಸಿದ್ಧವಾಯಿತು. ಅದು ಬೆರೆಯುತ್ತದೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಇಲಿಯನ್ನು ಕೇಳಲಾಗುವುದಿಲ್ಲವಲ್ಲ! ಇದಕ್ಕೆ ಜಾಕ್ವೆಲಿನ್ ಕ್ರಾಲಿ ಎಂಬ ವಿಜ್ಞಾನಿ ಮತ್ತು ಸಂಗಡಿಗರು 2004ರ ಹೊತ್ತಿಗೆ ಬಳಕೆಗೆ ತಂದ ಒಂದು ಪರೀಕ್ಷೆ ಪ್ರಸಿದ್ಧವಾಗಿದೆ. ಮಕ್ಕಳೇ, ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಸಾಲಾಗಿ ಮೂರು ಕೋಣೆಯ ಪುಟ್ಟ ಮನೆ, ಕೋಣೆಗಳ ನಡುವೆ ಸಣ್ಣ ಬಾಗಿಲು. ಎಡಗಡೆ ಕೋಣೆಯಲ್ಲಿ ತಂತಿಯ ಬುಟ್ಟಿಯನ್ನು ಬೋರಲು ಹಾಕಿ ಅದರೊಳಗೆ ಒಂದು ಅಪರಿಚಿತ ಇಲಿ. ಬಲಗಡೆ ಕೋಣೆಯಲ್ಲಿ ಅಂಥದೇ ಬುಟ್ಟಿ, ಆದರೆ ಖಾಲಿ. ನಮ್ಮ ಇಲಿಯನ್ನು ನಡುಕೋಣೆಯಲ್ಲಿ ಬಿಟ್ಟು ಹತ್ತು ನಿಮಿಷ ನೋಡುವುದು. ಸಾಮಾನ್ಯ ಇಲಿಗೆ ಸಂಗ ಬೇಕು. ಅದು ಖಾಲಿ ಬುಟ್ಟಿಗಿಂತ ಹೊಸ ಇಲಿಯ ಹತ್ತಿರ ಹೆಚ್ಚು ಹೊತ್ತು ಕಳೆಯುತ್ತದೆ, ತಂತಿಯ ಸಂದಿನಲ್ಲಿ ಮೂತಿಗೆ ಮೂತಿ ತಾಗಿಸಿ ಮೂಸುತ್ತದೆ. ಎರಡಕ್ಕೂ ಒಂದೇ ಸಮನೆ ಹೊತ್ತು ಕಳೆದರೆ, ಅಥವಾ ಖಾಲಿ ಬುಟ್ಟಿಯೇ ವಾಸಿ ಎಂದರೆ, ಇದಕ್ಕೆ ಸಂಗದ ಆಸೆ ಕಡಿಮೆ ಎಂದು ಗುರುತು ಹಾಕಿಕೊಳ್ಳುತ್ತಾರೆ.

ಇನ್ನೂ ಪರೀಕ್ಷೆಗಳಿವೆ. ಮರಿಯನ್ನು ತಾಯಿಯಿಂದ ಸ್ವಲ್ಪ ಹೊತ್ತು ದೂರ ಇಟ್ಟರೆ ಅದು ಕೂಗುತ್ತದೆ. ಆ ಕೂಗು ನಮ್ಮ ಕಿವಿಗೆ ಕೇಳುವುದಿಲ್ಲ, ಅಷ್ಟು ಕೀರಲು. ಅದಕ್ಕೆಂದೇ ಇರುವ ಮೈಕ್‌ನಲ್ಲಿ ಹಿಡಿದು ಎಷ್ಟು ಸಲ ಕೂಗಿತು ಎಂದು ಎಣಿಸುತ್ತಾರೆ. ಮರದ ಹೊಟ್ಟಿನ ಮೇಲೆ ಗೋಲಿಗಳನ್ನಿಟ್ಟು ಇಲಿ ಎಷ್ಟನ್ನು ಹೂತುಹಾಕಿತು ಎಂದು ನೋಡುತ್ತಾರೆ. ಮೈ ಮುಖ ಸವರಿಕೊಳ್ಳುವುದರಲ್ಲೇ ಎಷ್ಟು ಹೊತ್ತು ಕಳೆಯಿತು ಎಂದು ಗಡಿಯಾರ ಹಿಡಿಯುತ್ತಾರೆ.

ಇಲ್ಲಿ ಒಂದು ಎಚ್ಚರ ಬೇಕು. ಇಲಿಗಳು ಒಂದನ್ನೊಂದು ಗುರುತಿಸುವುದು ಹೆಚ್ಚಾಗಿ ವಾಸನೆಯಿಂದ. ಮೂಗು ಕೆಟ್ಟಿರುವ ಇಲಿ ಹೊಸ ಇಲಿಯ ಹತ್ತಿರ ಹೋಗದಿದ್ದರೆ ಅದಕ್ಕೆ ಸಂಗ ಬೇಡ ಎಂದು ಅರ್ಥವೇ? ಕಾಲು ನೋಯುತ್ತಿದ್ದರೆ? ಕಣ್ಣು ಕಾಣದಿದ್ದರೆ? ಆದ್ದರಿಂದ ಮೊದಲು ಮೂಗು, ಕಣ್ಣು, ಕಿವಿ, ಓಡಾಟ ಎಲ್ಲವನ್ನೂ ಪರೀಕ್ಷಿಸಿ ಆಮೇಲೆ ತೀರ್ಮಾನಕ್ಕೆ ಬನ್ನಿ ಎಂದು ಕ್ರಾಲಿ ಹೇಳುತ್ತಾ ಬಂದರು. ಅವರು ಬರೆದ ಪುಸ್ತಕದ ಹೆಸರೇ 'ನನ್ನ ಇಲಿಗೆ ಏನಾಗಿದೆ?' ಎಂಬರ್ಥದ್ದು. ನಮ್ಮ ಬ್ಯಾಂಕಿನಲ್ಲೂ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಟಿಕ್ ಹಾಕಿ ನೋಡದೆ ಪುಸ್ತಕ ಮುಚ್ಚುತ್ತಿರಲಿಲ್ಲ.

ಡಲ್ಲಾಸಿನ ಇಲಿಗಳು ಏನು ತೋರಿಸಿದವು? ಅವು ಬೇರೆ ಇಲಿಗಳ ಜೊತೆ ಕಡಿಮೆ ಬೆರೆತವು. ಆದರೆ ನೀರಿನ ತೊಟ್ಟಿಯಲ್ಲಿ ಮುಳುಗಿಸಿಟ್ಟ ಕಟ್ಟೆ ಎಲ್ಲಿದೆ ಎಂದು ಕಲಿಯುವುದರಲ್ಲಿ ಸಾಮಾನ್ಯ ಇಲಿಗಳಿಗಿಂತ ಚುರುಕಾಗಿದ್ದವು! ಒಂದು ಕಡೆ ಕಡಿಮೆ, ಇನ್ನೊಂದು ಕಡೆ ಹೆಚ್ಚು. ಆಟಿಸಂ ಇರುವ ಮಗು ಮನೆಯಲ್ಲಿರುವವರು ಇದನ್ನು ಓದಿ ತಲೆಯಾಡಿಸಿರಬಹುದು.

ಕತೆ ಇಲ್ಲಿಗೆ ಮುಗಿಯಲಿಲ್ಲ. ಮರುವರ್ಷ, 2008ರಲ್ಲಿ, ಕ್ರಾಲಿ ಅವರ ತಂಡ ಇದೇ ಮ್ಯುಟೇಷನ್ ಇರುವ ಇಲಿಗಳನ್ನು ಪರೀಕ್ಷಿಸಿತು. ಅವರಿಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಅಷ್ಟಾಗಿ ಕಾಣಲಿಲ್ಲ. ಹಾಗಾದರೆ ಯಾರು ಸರಿ? ಇಲಿಗಳಲ್ಲೂ ಬೇರೆ ಬೇರೆ ವಂಶಗಳಿವೆ. ಉಳಿದ ಸಾವಿರಾರು ಜೀನ್‌ಗಳು ಬೇರೆಯಾಗಿದ್ದರೆ ಅದೇ ಒಂದು ಅಕ್ಷರದ ತಪ್ಪು ಬೇರೆ ರೀತಿ ಕಾಣಬಹುದು ಎಂದು ಮುಂದಿನ ಅಧ್ಯಯನಗಳು ತೋರಿಸಿದವು. ಸ್ವೀಡನ್ನಿನ ಸಹೋದರರಲ್ಲೂ ಒಂದೇ ತಪ್ಪು ಇಬ್ಬರಲ್ಲಿ ಎರಡು ರೂಪ ತಾಳಿತ್ತು, ನೆನಪಿದೆಯಲ್ಲ?

ಇದಕ್ಕೇ ವಿಜ್ಞಾನಿಗಳು 'ಆಟಿಸಂ ಇರುವ ಇಲಿ' ಎನ್ನುವುದಿಲ್ಲ. 'ಆಟಿಸಂ ಹೋಲುವ ನಡವಳಿಕೆಯ ಇಲಿ' ಎನ್ನುತ್ತಾರೆ. ಇಲಿಗೆ ಮಾತಿಲ್ಲ, ಶಾಲೆಯಿಲ್ಲ, ಗೆಳೆಯರ ಹುಟ್ಟುಹಬ್ಬಕ್ಕೆ ಕರೆಯಲಿಲ್ಲವೆಂಬ ದುಃಖವಿಲ್ಲ. ಮೈ ಸವರಿಕೊಳ್ಳುತ್ತಲೇ ಇರುವ ಇಲಿಯೂ, ಖುಷಿಯಾದಾಗ ಕೈ ಬೀಸುತ್ತಲೇ ಇರುವ ಮಗುವೂ ಒಂದೇ ಅಲ್ಲ. ಇಲಿ ತೋರಿಸುವುದು ಇಷ್ಟು: ಈ ಅಕ್ಷರ ಕೆಟ್ಟರೆ ಸಿನಾಪ್ಸಿನಲ್ಲಿ ಇಂಥದ್ದು ಕೆಡುತ್ತದೆ. ಮಗುವಿನ ಮನಸ್ಸು ಹೇಗಿದೆ ಎಂದು ಇಲಿ ಹೇಳಲಾರದು.

ಪತ್ರ ಬರೆದ ಹುಡುಗಿ ಓದಿದ್ದು ಬಹುಶಃ ಇನ್ನೊಂದು ಜೀನಿನ ಸುದ್ದಿ ಇರಬೇಕು. ಅದರ ಹೆಸರು ಶ್ಯಾಂಕ್3. ಕಟ್ಟಡ ಕಟ್ಟುವಾಗ ಬಿದಿರಿನ ಸಾರ್ವೆ ನಿಲ್ಲಿಸುತ್ತಾರಲ್ಲ, ಸಿನಾಪ್ಸಿಗೆ ಅಂಥ ಸಾರ್ವೆ ಈ ಪ್ರೋಟೀನ್. ಆಟಿಸಂ ಇರುವವರಲ್ಲಿ ನೂರಕ್ಕೆ ಒಬ್ಬರಷ್ಟು ಜನರಲ್ಲಿ ಇದರ ತಪ್ಪು ಕಾಣುತ್ತದೆ. 2011ರಲ್ಲಿ ಗ್ವೋಪಿಂಗ್ ಫೆಂಗ್ ಅವರ ತಂಡ ಈ ಜೀನ್ ಕೆಟ್ಟಿರುವ ಇಲಿಗಳನ್ನು ವರದಿ ಮಾಡಿತು. ಆ ಇಲಿಗಳು ಚರ್ಮ ಗಾಯವಾಗುವಷ್ಟು ಮೈ ಸವರಿಕೊಳ್ಳುತ್ತಿದ್ದವು, ಬೇರೆ ಇಲಿಗಳಿಂದ ದೂರ ಉಳಿಯುತ್ತಿದ್ದವು.

2016ರಲ್ಲಿ ಅಮೆರಿಕದ ಎಂಐಟಿಯಲ್ಲಿ ಅದೇ ತಂಡ ಒಂದು ಜಾಣ ಉಪಾಯ ಮಾಡಿತು. ಶ್ಯಾಂಕ್3 ಜೀನ್ ಆಫ್ ಆಗಿರುವ, ಆದರೆ ಬೇಕಾದಾಗ ಒಂದು ಔಷಧ ಕೊಟ್ಟು ಆನ್ ಮಾಡಬಹುದಾದ ಇಲಿಗಳನ್ನು ಸೃಷ್ಟಿಸಿದರು. ಇಲಿಗಳು ಬೆಳೆದು ದೊಡ್ಡವಾದ ಮೇಲೆ ಸ್ವಿಚ್ ಹಾಕಿದರು. ಮೈ ಸವರುವುದು ಕಡಿಮೆಯಾಯಿತು, ಸಂಗ ಹೆಚ್ಚಾಯಿತು. ಬೆಳೆದ ಮಿದುಳೂ ಕೊಂಚ ದುರಸ್ತಿಯಾಗಬಲ್ಲದು ಎಂಬುದು ದೊಡ್ಡ ಸುದ್ದಿಯೇ. ಆದರೆ ಆ ಇಲಿಗಳ ಹೆದರಿಕೆ ಹೋಗಲಿಲ್ಲ, ಕೈಕಾಲಿನ ಹೊಂದಾಣಿಕೆ ಸುಧಾರಿಸಲಿಲ್ಲ. 20 ದಿನದ ಮರಿಯಿದ್ದಾಗಲೇ ಸ್ವಿಚ್ ಹಾಕಿದರೆ ಮಾತ್ರ ಅವೂ ಸುಧಾರಿಸಿದವು.

ಈಗ ನಿನ್ನ ಪ್ರಶ್ನೆಗೆ ನೇರ ಉತ್ತರ, ಮಗೂ. ಆ ಇಲಿಗಳಲ್ಲಿ ಹುಟ್ಟುವ ಮೊದಲೇ ಸ್ವಿಚ್ ಇಟ್ಟಿದ್ದರು. ಮನುಷ್ಯರಲ್ಲಿ ಅಂಥ ಸ್ವಿಚ್ ಇಲ್ಲ. ಅಲ್ಲದೆ ಆಟಿಸಂಗೆ ನಂಟಿರುವ ಜೀನ್‌ಗಳು ನೂರಕ್ಕೂ ಹೆಚ್ಚಿವೆ. ಬಹಳ ಮಕ್ಕಳಲ್ಲಿ ಇಂಥದೇ ಒಂದು ಜೀನ್ ಎಂದು ಬೆರಳಿಟ್ಟು ತೋರಿಸಲೂ ಆಗುವುದಿಲ್ಲ. ಇಲಿಯಲ್ಲಿ ಆದದ್ದು ನಿನ್ನ ತಮ್ಮನಿಗೆ ಇವತ್ತು ಆಗುವುದಿಲ್ಲ.

ಇಲಿಯಿಂದ ಮನುಷ್ಯನಿಗೆ ಎಷ್ಟು ದೂರ ಎಂಬುದಕ್ಕೆ ಇನ್ನೊಂದು ಉದಾಹರಣೆ ಇದೆ. ಫ್ರಾಜೈಲ್ ಎಕ್ಸ್ ಎಂಬ ಸ್ಥಿತಿಗೆ ಕಾರಣವಾದ ಜೀನ್ 1991ರಲ್ಲಿ ಸಿಕ್ಕಿತು. ಅದು ಇರುವ ಹಲವು ಮಕ್ಕಳಲ್ಲಿ ಆಟಿಸಂ ಲಕ್ಷಣಗಳೂ ಇರುತ್ತವೆ. 1994ರಲ್ಲಿ ಆ ಜೀನ್ ಇಲ್ಲದ ಇಲಿಗಳು ಬಂದವು. ಒಂದು ಬಗೆಯ ಔಷಧ ಕೊಟ್ಟಾಗ ಇಲಿಗಳು ಚೆನ್ನಾಗಿ ಸುಧಾರಿಸಿದವು. ಎಲ್ಲರಿಗೂ ಆಸೆ ಹುಟ್ಟಿತು. ಆದರೆ ಮನುಷ್ಯರ ಮೇಲಿನ ಪರೀಕ್ಷೆಯಲ್ಲಿ ಅದೇ ಬಗೆಯ ಔಷಧ ನಿರೀಕ್ಷಿಸಿದ ಫಲ ಕೊಡಲಿಲ್ಲ. 2014ರಲ್ಲಿ ನೋವಾರ್ಟಿಸ್ ಕಂಪನಿ ಆ ಪ್ರಯತ್ನ ನಿಲ್ಲಿಸಿತು. ಎಷ್ಟೋ ತಂದೆತಾಯಿಯರಿಗೆ ಅದು ಕಹಿ ಸುದ್ದಿ. ಆದರೂ ಫಲ ಬರಲಿಲ್ಲ ಎಂದು ಬಹಿರಂಗವಾಗಿ ಹೇಳಿದರಲ್ಲ, ಅದು ಸರಿಯಾದ ಲೆಕ್ಕ.

ಈ ಕೆಲಸ ಬರೀ ಹೊರದೇಶದಲ್ಲಿ ನಡೆಯುತ್ತಿದೆ ಎಂದುಕೊಳ್ಳಬೇಡಿ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸಿನ್‌ಗ್ಯಾಪ್1 ಎಂಬ ಜೀನಿನ ತಪ್ಪಿರುವ ಇಲಿಗಳ ಅಧ್ಯಯನ ನಡೆದಿದೆ. ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಫ್ರಾಜೈಲ್ ಎಕ್ಸ್ ಬಗ್ಗೆ ಕೆಲಸ ನಡೆದಿದೆ. ನಿಮ್ಮಲ್ಲಿ ಯಾರಾದರೂ ಮುಂದೆ ಅಲ್ಲಿ ಸೇರಿದರೆ ಈ ತಾತನಿಗೆ ಒಂದು ಕಾಗದ ಹಾಕಿ.

ಇನ್ನು ನನ್ನ ವಯಸ್ಸಿನವರಿಗೆ ಎರಡು ಮಾತು.

ನಮ್ಮ ಪಾರ್ಕಿನಲ್ಲಿ ವಾಕಿಂಗ್ ಬರುವ ಗೆಳೆಯರೊಬ್ಬರ ಮೊಮ್ಮಗನಿಗೆ ಆಟಿಸಂ ಎಂದು ಡಾಕ್ಟರು ಹೇಳಿದರು. ಅವರು ಬೆಂಚಿನ ಮೇಲೆ ಕುಳಿತು, "ನಮ್ಮ ವಂಶದಲ್ಲಿ ಯಾರಿಗೂ ಇರಲಿಲ್ಲ ಕಣ್ರೀ. ಸೊಸೆ ಮಗೂನ ಬಿಟ್ಟು ಆಫೀಸಿಗೆ ಹೋದಳಲ್ಲ, ಅದಕ್ಕೇ ಹೀಗಾಯ್ತು" ಎಂದರು.

"ರಾಯರೇ, ಆಫೀಸಿಗೆ ಹೋದರೆ ಜೀನ್ ಬದಲಾಗುತ್ತದೆಯೇ?" ಎಂದೆ.

"ಮತ್ತೆ ನಮ್ಮ ಕಡೆಯವರದೋ?" ಎಂದು ತುಸು ಸಿಟ್ಟಿನಿಂದಲೇ ಕೇಳಿದರು.

"ಯಾರ ಕಡೆಯದೂ ಇಲ್ಲದಿರಬಹುದು" ಎಂದೆ. ಅದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ಹುಟ್ಟುವ ಪ್ರತಿ ಮಗುವಿನಲ್ಲೂ, ಅಪ್ಪ ಅಮ್ಮ ಇಬ್ಬರಲ್ಲೂ ಇಲ್ಲದ ಹೊಸ ಅಕ್ಷರ ಬದಲಾವಣೆಗಳು ಸುಮಾರು 50ರಿಂದ 100ರವರೆಗೆ ಇರುತ್ತವೆ. ನನ್ನಲ್ಲೂ ಇವೆ, ನಿಮ್ಮಲ್ಲೂ ಇವೆ. 300 ಕೋಟಿ ಅಕ್ಷರ ನಕಲು ಮಾಡುವಾಗ ಅಷ್ಟು ತಪ್ಪು ಬಂದರೆ, ಯಾವ ಗುಮಾಸ್ತನನ್ನೂ ಅದಕ್ಕಾಗಿ ಬೈಯುವಂತಿಲ್ಲ! ಬಹುತೇಕ ತಪ್ಪುಗಳು ಏನೂ ಮಾಡುವುದಿಲ್ಲ. ಅಪರೂಪಕ್ಕೆ ಒಂದು, ಮುಖ್ಯವಾದ ಜೀನಿನ ಮೇಲೆ ಬೀಳುತ್ತದೆ. ಇನ್ನು ಕೆಲವು ತಂದೆಯಿಂದಲೋ ತಾಯಿಯಿಂದಲೋ ಬಂದಿರಬಹುದು. ಹಾಗೆ ಬಂದರೂ ಅದನ್ನು ಯಾರೂ ಆರಿಸಿ ಕಳುಹಿಸಿದ್ದಲ್ಲ. ಇದರಲ್ಲಿ ಸೊಸೆಯ ಕೆಲಸಕ್ಕೆ, ಗ್ರಹಣಕ್ಕೆ, ಪಕ್ಕದ ಮನೆಯವರ ಕಣ್ಣಿಗೆ ಪಾಲಿಲ್ಲ.

ಆ ಪುಟ್ಟ ಇಲಿಗಳು ನಮಗೆ ಔಷಧ ಇನ್ನೂ ಕೊಟ್ಟಿಲ್ಲ ನಿಜ. ಆದರೆ ಒಂದನ್ನು ಕೊಟ್ಟಿವೆ. ಅದೇ ಗೂಡು, ಅದೇ ತಾಯಿ, ಅದೇ ಹಾಲು, ಅದೇ ಕಾಳು. ಒಂದೇ ಜೀನ್ ಬದಲಾದ ಮರಿ ಬೇರೆ ರೀತಿ ಬೆಳೆಯಿತು, ಬದಲಾಗದ ಮರಿ ತನ್ನ ಪಾಡಿಗೆ ಬೆಳೆಯಿತು. ತಾಯಿಯ ಮೇಲೆ ಹೊರಿಸಿದ್ದ ಅಪವಾದಕ್ಕೆ ಇದಕ್ಕಿಂತ ಸರಳ ಉತ್ತರ ಬೇಕೇ? ಸೊಸೆಗೋ ಮಗಳಿಗೋ ಆ ಮಾತು ಆಡುವ ಮುನ್ನ ನಾವು ಹಿರಿಯರು ಒಂದು ಕ್ಷಣ ತಡೆಯೋಣ. ಅವಳಿಗೆ ಈಗ ಬೇಕಾದದ್ದು ತನಿಖೆಯಲ್ಲ, ಮಗುವನ್ನು ಒಂದು ಗಂಟೆ ನೋಡಿಕೊಳ್ಳುವ ಎರಡು ಕೈ.

"ಆಟಿಸಂ ಪೂರ್ತಿ ವಾಸಿ, ಗ್ಯಾರಂಟಿ" ಎಂಬ ಜಾಹೀರಾತು ನಂಬಿ ದುಡ್ಡು ಸುರಿಯಬೇಡಿ. ಸಂಶಯವಿದ್ದರೆ ಮಕ್ಕಳ ತಜ್ಞರಿಗೆ ಬೇಗ ತೋರಿಸಿ. ಮಾತಿನ ತರಬೇತಿ, ದಿನನಿತ್ಯದ ಕೆಲಸಗಳ ತರಬೇತಿ, ತಾಳ್ಮೆಯ ಟೀಚರು, ಇವುಗಳಿಂದ ಅನೇಕ ಮಕ್ಕಳಿಗೆ ನಿಜವಾದ ಪ್ರಯೋಜನ ಆಗುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ. ಆ ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳಿ ಎಂದು ಕೇಳುವುದು ಬೇಡಿಕೆಯಲ್ಲ, ಹಕ್ಕು.

ಮಕ್ಕಳೇ, ನಿಮಗೂ ಒಂದು ಕೆಲಸ. ನಿಮ್ಮ ತರಗತಿಯಲ್ಲಿ ಒಬ್ಬನೇ ಕೂರುವ ಹುಡುಗನೋ ಹುಡುಗಿಯೋ ಇದ್ದರೆ, ಅವರಿಗೆ ಸಂಗ ಬೇಡ ಎಂದು ನೀವೇ ತೀರ್ಮಾನಿಸಬೇಡಿ. ಇಲಿಯ ವಿಷಯದಲ್ಲೇ ವಿಜ್ಞಾನಿಗಳು ಅಷ್ಟು ಸುಲಭವಾಗಿ ತೀರ್ಮಾನಿಸುವುದಿಲ್ಲ. ಗದ್ದಲ ತಡೆಯಲಾಗದೆ ದೂರ ಕೂತಿರಬಹುದು, ಹೇಗೆ ಸೇರಿಕೊಳ್ಳಬೇಕೆಂದು ತಿಳಿಯದೆ ಇರಬಹುದು. ಮೆಲ್ಲಗೆ ಹೋಗಿ ಪಕ್ಕದಲ್ಲಿ ಕುಳಿತುಕೊಳ್ಳಿ. ಅವರು ಮಾಡುತ್ತಿರುವ ಆಟವನ್ನೇ ನೀವೂ ಆಡಿ. ಉತ್ತರ ತಡವಾಗಿ ಬಂದರೆ ಕಾಯಿರಿ.

ಈ ವಾರದ ಲೆಕ್ಕ: ಒಬ್ಬ ಗುಮಾಸ್ತ ಎರಡಂಕಿಯ ಒಂದು ಸಂಖ್ಯೆಯನ್ನು ಅದಲುಬದಲಾಗಿ ಬರೆದ. ಸರಿಯಾದ ಸಂಖ್ಯೆಗೂ ಬರೆದ ಸಂಖ್ಯೆಗೂ ವ್ಯತ್ಯಾಸ 54. ಆ ಎರಡು ಅಂಕಿಗಳನ್ನು ಕೂಡಿದರೆ 8. ಸರಿಯಾದ ಸಂಖ್ಯೆಯೇ ದೊಡ್ಡದಾಗಿದ್ದರೆ ಅದು ಯಾವುದು? ಅಜ್ಜ ಅಜ್ಜಿಯರ ಜೊತೆ ಕುಳಿತು ಮಾಡಿ. ಉತ್ತರ ಮುಂದಿನ ವಾರ.